ಗಾಡಿ ಬಾಜೂಕ ಹಚ್ಚು ಅಂದಾಗ

ವಿಜಯಪುರದಿಂದ ಸೊಲ್ಲಾಪುರದ ಕಡೆಗೆ ಹೋಗುವಾಗ ಎದುರಿಗೆ ಬರುವ ಬೈಕಿನವನು ಹ್ಯಾಂಡಲ್ ಮೇಲಿಂದ ಒಂದು ಕೈ ತೆಗೆದು ತನ್ನ ನೆತ್ತಿಯನ್ನು ಎರಡು ಸಲ ತಟ್ಟಿಕೊಳ್ಳುತ್ತಾನೆ. ಗುರುತಿಲ್ಲ, ಪರಿಚಯವಿಲ್ಲ. ಆದರೂ ಅವನು ಹೇಳಿದ್ದು ಎಲ್ಲರಿಗೂ ತಿಳಿಯುತ್ತದೆ: ‘ಮುಂದ ಪೊಲೀಸ್ರು ನಿಂತಾರ, ಹೆಲ್ಮೆಟ್ ಹಾಕ್ಕೋ.’ ಕನ್ನಡಿಗೆ ಜೋತುಬಿದ್ದಿದ್ದ ಹೆಲ್ಮೆಟ್ ತಲೆಗೇರುತ್ತದೆ. ಮೂವರು ಕೂತಿದ್ದರೆ ಒಬ್ಬ ಇಳಿದು ನಡೆಯತೊಡಗುತ್ತಾನೆ. ಇದರಲ್ಲಿ ವಿಶೇಷವೇನಿಲ್ಲ. ನನಗೆ ವಿಚಿತ್ರವಾಗಿ ಕಾಣುವುದು ಬೇರೆ: ಲೈಸೆನ್ಸು, ಇನ್ಶೂರನ್ಸು, ಎಮಿಷನ್ ಎಲ್ಲ ಸರಿ ಇದ್ದವನ ಎದೆಯೂ ಆ ಸನ್ನೆ ನೋಡಿ ಧಸಕ್ ಅನ್ನುತ್ತದೆ.

ಕೋರ್ಟಿನಲ್ಲಿ ಮೋಟಾರು ವಾಹನ ಪ್ರಕರಣಗಳನ್ನು ನಡೆಸುವ ನಾನು ಕಕ್ಷಿದಾರರಿಗೆ ‘ಕಾಗದ ಸರಿ ಇದ್ದಾಗ ಅಂಜಿದ್ಯಾಕೆ?’ ಎಂದು ಕೇಳುತ್ತಿರುತ್ತೇನೆ. ‘ಅಲ್ಲಿ ಏನ್ ಮಾಡ್ತಾರೋ ಯಾರಿಗ್ ಗೊತ್ರಿ’ ಅನ್ನುತ್ತಾರೆ. ಪೊಲೀಸರ ಅಧಿಕಾರ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅನ್ನುವುದು ಗೊತ್ತಿರದಿದ್ದರೆ ನಾಕಾ, ಅಂದರೆ ಪೊಲೀಸರು ಗಾಡಿ ತಡೆದು ನೋಡುವ ಜಾಗ, ಜೂಜಿನ ಅಡ್ಡೆಯೇ. ಅದಕ್ಕೇ ಈ ಬರಹ. ಮನೆ ಬಿಡುವುದರಿಂದ ಹಿಡಿದು ದೂರು ಬರೆಯುವವರೆಗೆ, ಒಂದಾದಮೇಲೊಂದು.

ಮನೆ ಬಿಡುವ ಮುಂಚೆ

ಲೈಸೆನ್ಸ್, ಆರ್‌ಸಿ, ಇನ್ಶೂರನ್ಸ್, ಎಮಿಷನ್ ಸರ್ಟಿಫಿಕೇಟ್. ಬಾಡಿಗೆ ಗಾಡಿಗೆ ಇವುಗಳ ಜೊತೆ ಪರ್ಮಿಟ್ ಮತ್ತು ಫಿಟ್ನೆಸ್. ಮೂಲ ಕಾಗದವೇ ಕೈಯಲ್ಲಿರಬೇಕು ಅನ್ನುವ ಕಾಲ ಹೋಯಿತು. 2018ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮ 139ಕ್ಕೆ ತಿದ್ದುಪಡಿ ಆದಮೇಲೆ ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ತೋರಿಸಿದ ಕಾಗದಕ್ಕೂ ಮೂಲ ಪ್ರತಿಯಷ್ಟೇ ಬೆಲೆ. ಆದರೆ ಫೋನಿನ ಗ್ಯಾಲರಿಯಲ್ಲಿರುವ ಲೈಸೆನ್ಸಿನ ಫೋಟೊ ಡಿಜಿಲಾಕರ್ ಅಲ್ಲ. ನೀವೇ ಸ್ಕ್ಯಾನ್ ಮಾಡಿ ಡಿಜಿಲಾಕರ್‌ಗೆ ಏರಿಸಿದ್ದೂ ಲೆಕ್ಕಕ್ಕಿಲ್ಲ. ಸಾರಿಗೆ ಇಲಾಖೆಯ ದಾಖಲೆಯಿಂದ ನೇರವಾಗಿ ಇಳಿದು ಬಂದದ್ದು ಮಾತ್ರ ನಡೆಯುತ್ತದೆ. ನಮ್ಮ ಕಡೆ ಅರ್ಧಕ್ಕರ್ಧ ಜಗಳ ಹುಟ್ಟುವುದು ಇಲ್ಲೇ: ‘ಮೊಬೈಲಿನ್ಯಾಗ ಐತ್ರಿ’ ಎಂದು ಹುಡುಗ ಫೋಟೊ ತೋರಿಸುತ್ತಾನೆ, ಸಾಹೇಬರು ತಲೆ ಅಲ್ಲಾಡಿಸುತ್ತಾರೆ.

ಗಾಡಿ ಅಪ್ಪನ ಹೆಸರಿನಲ್ಲಿದ್ದರೆ ಅದರ ಆರ್‌ಸಿ ಮಗನ ಡಿಜಿಲಾಕರ್‌ಗೆ ಬರುವುದಿಲ್ಲ. ಆರ್‌ಸಿ ಕಾರ್ಡನ್ನು ಕಿಸೆಯಲ್ಲಿಡಿ.

ಒಂದು ಕಾಗದ ಮನೆಯಲ್ಲೇ ಉಳಿದುಬಿಟ್ಟಿತು ಅನ್ನಿ. ಅದೇ ನಿಯಮ 139, ಕೇಳಿದ ದಿನದಿಂದ 15 ದಿನದೊಳಗೆ ದೃಢೀಕರಿಸಿದ ಪ್ರತಿಯನ್ನು ಆ ಅಧಿಕಾರಿಗೆ ಖುದ್ದಾಗಿ ಒಪ್ಪಿಸಲು ಅಥವಾ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಲು ಅವಕಾಶ ಕೊಡುತ್ತದೆ. ಲೈಸೆನ್ಸ್ ಮನೆಯಲ್ಲಿ ಇರುವುದು ಬೇರೆ, ಲೈಸೆನ್ಸೇ ಇಲ್ಲದಿರುವುದು ಬೇರೆ. ಇವೆರಡನ್ನು ಕಲಸಿ ದಂಡ ಹಾಕಿದರೆ ‘ಐತ್ರಿ ಸಾಹೇಬ್ರ, ಮನ್ಯಾಗ ಐತಿ, ಹದಿನೈದು ದಿನದಾಗ ತಂದು ತೋರಸ್ತೀನಿ’ ಎಂದು ಹೇಳಿ, ಯಾವ ಠಾಣೆಗೆ ತರಬೇಕು ಎಂದು ಕೇಳಿಕೊಳ್ಳಿ.

ಮಕ್ಕಳ ವಿಷಯದಲ್ಲಿ ನನ್ನ ಬಳಿ ಬರುವ ತಾಯ್ತಂದೆಯರಿಗೆ ನಾನು ಸಮಾಧಾನ ಹೇಳುವುದಿಲ್ಲ. ಟ್ಯೂಷನ್ನಿಗೆಂದು ಹತ್ತನೆಯ ತರಗತಿಯ ಹುಡುಗನ ಕೈಗೆ ಸ್ಕೂಟಿ ಕೊಟ್ಟರೆ ಮೋಟಾರು ವಾಹನ ಕಾಯ್ದೆಯ ಕಲಂ 199ಎ ಪ್ರಕಾರ ಪೋಷಕರಿಗೋ ಮಾಲೀಕರಿಗೋ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸೂ ಇಲ್ಲ. ಇದರಲ್ಲಿ ಪೊಲೀಸರನ್ನು ಬೈಯಲು ಜಾಗವಿಲ್ಲ.

ಕೈ ಅಡ್ಡ ಬಂದಾಗ

ನಿಲ್ಲಿಸಿ. ಇದರಲ್ಲಿ ಎರಡು ಮಾತಿಲ್ಲ. ಇಂಡಿಕೇಟರ್ ಹಾಕಿ ಎಡಕ್ಕೆ ಹಚ್ಚಿ, ಎಂಜಿನ್ ನೀವೇ ಬಂದ್ ಮಾಡಿ, ಕೀಯನ್ನು ತೆಗೆದು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ. ಹೆಲ್ಮೆಟ್ ತೆಗೆದು ಮುಖ ಕಾಣುವಂತೆ ನಿಲ್ಲಿ. ರಾತ್ರಿ ಕಾರಿನಲ್ಲಿದ್ದರೆ ಒಳಗಿನ ದೀಪ ಹಾಕಿ. ಪೊಲೀಸರನ್ನು ಕಂಡು ಗಕ್ಕನೆ ತಿರುಗಿಸಿ ರಾಂಗ್ ಸೈಡಿನಲ್ಲಿ ಓಡುವವನು 500 ರೂಪಾಯಿ ಉಳಿಸಲು ಹೋಗಿ ಕಬ್ಬಿನ ಟ್ರ್ಯಾಕ್ಟರಿನ ಕೆಳಗೆ ಸಿಗುತ್ತಾನೆ.

ನಿಲ್ಲಿಸಿದವರು ಯಾರು ನೋಡಿಕೊಳ್ಳಿ. ‘ಕಾನ್‌ಸ್ಟೇಬಲ್‌ಗೆ ಕಾಗದ ಕೇಳೋ ಅಧಿಕಾರನೇ ಇಲ್ಲ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಮಾತು ಸುಳ್ಳು. 1988ರ ಮೋಟಾರು ವಾಹನ ಕಾಯ್ದೆಯ ಕಲಂ 130, ಸಮವಸ್ತ್ರದಲ್ಲಿರುವ ಯಾವುದೇ ಪೊಲೀಸ್ ಅಧಿಕಾರಿ ಕೇಳಿದರೆ ಲೈಸೆನ್ಸ್ ತೋರಿಸಬೇಕು ಅನ್ನುತ್ತದೆ. ಇಲ್ಲಿ ದರ್ಜೆಯ ಮಾತಿಲ್ಲ, ಸಮವಸ್ತ್ರದ ಮಾತಿದೆ. ಅಂಗಿ ಬದಲಿಸಿ ನಿಂತವರಿಗೆ ಇದು ಅನ್ವಯಿಸುವುದಿಲ್ಲ. ದಂಡ ಕಟ್ಟಿಸಿಕೊಂಡು ಪ್ರಕರಣ ಅಲ್ಲೇ ಮುಗಿಸುವ ಅಧಿಕಾರ ಮಾತ್ರ ಕಲಂ 200ರ ಅಡಿ ಸರ್ಕಾರ ಗೊತ್ತುಮಾಡಿದ ಅಧಿಕಾರಿಗಳಿಗೇ ಸೀಮಿತ. ನಾಕಾದಲ್ಲಿ ಅದು ಸಾಮಾನ್ಯವಾಗಿ ಯಂತ್ರ ಹಿಡಿದು ನಿಂತ ಎಎಸ್‌ಐ ಅಥವಾ ಪಿಎಸ್‌ಐ. ಪಕ್ಕದಲ್ಲಿ ಸೀಟಿ ಊದುತ್ತ ನಿಂತ ಹೋಂಗಾರ್ಡ್ ಗಾಡಿಗಳನ್ನು ಹಾದಿಗೆ ಹಚ್ಚಲಿಕ್ಕೆ ಇರುವವನು, ರೊಕ್ಕ ಪಡೆಯಲಿಕ್ಕಲ್ಲ.

‘ಏನ್ ತಪ್ಪಾಗೇತಿ ಸಾಹೇಬ್ರ?’ ಇದು ಮೊದಲ ಪ್ರಶ್ನೆ. ಕೇಳಲು ನಿಮಗೆ ಹಕ್ಕಿದೆ, ಹೇಳಲು ಅವರಿಗೆ ಬಾಯಿದೆ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ತಪಾಸಣೆಗೆಂದು ಬೈಕ್ ತಡೆದಾಗ, ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಪುಟ್ಟ ಹೆಣ್ಣುಮಗು ರಸ್ತೆಗೆ ಬಿದ್ದು ತೀರಿಹೋಯಿತು. ಆಮೇಲೆ ರಾಜ್ಯ ಪೊಲೀಸ್ ಮುಖ್ಯಸ್ಥ ಎಂ.ಎ. ಸಲೀಂ ಅವರು ಸುತ್ತೋಲೆ ಹೊರಡಿಸಿದರು. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಬರೀ ಕಾಗದ ನೋಡಲು ಗಾಡಿ ತಡೆಯಬಾರದು, ಗಾಡಿಗೆ ಏಕಾಏಕಿ ಅಡ್ಡ ಹಾರಬಾರದು, ಕೀ ಕಿತ್ತುಕೊಳ್ಳಬಾರದು, ಹಿಂದೆ ಕೂತವರನ್ನು ಎಳೆಯಬಾರದು, ಓಡಿಹೋದವನನ್ನು ಬೆನ್ನಟ್ಟದೆ ನಂಬರ್ ಬರೆದುಕೊಳ್ಳಬೇಕು. ಸುತ್ತೋಲೆ ಅಂದರೆ ಕಾಯ್ದೆಯಲ್ಲ ನಿಜ, ಆದರೆ ಇಲಾಖೆ ತನ್ನ ಸಿಬ್ಬಂದಿಗೆ ತಾನೇ ಹಾಕಿಕೊಟ್ಟ ಗೆರೆ. ದೂರು ಬರೆಯುವಾಗ ಇದನ್ನು ನೆನಪಿಸುವುದಕ್ಕೆ ತೂಕವಿದೆ. ನಾಕಾದಲ್ಲೇ ಇದನ್ನು ಹಿಡಿದು ವಾದಕ್ಕೆ ಕೂಡಬೇಡಿ.

ಕೀ

ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಬಿಸಿಲಿಗೆ ಬೆವೆತ ಒಂದು ಕೈ ಬದಿಯಿಂದ ಬಂದು, ನಿಮ್ಮ ಮುಂಗೈಯನ್ನು ಸವರಿಕೊಂಡು ಕೀಗೆ ಹೋಗುತ್ತದೆ. ಎಂಜಿನ್ ಆರುತ್ತದೆ. ಕೀ ಗೊಂಚಲಿನಲ್ಲಿ ಮನೆಯ ಕೀಲಿಕೈಯೂ ಇರುತ್ತದೆ, ಅಂಗಡಿಯದ್ದೂ ಇರುತ್ತದೆ. ಅದು ಅವರ ಕಿಸೆ ಸೇರಿದ ಕ್ಷಣಕ್ಕೆ ನೀವು ನಾಗರಿಕ ಅನ್ನುವುದು ಮುಗಿದು, ಅವರ ಹಿಂದೆ ಹಿಂದೆ ‘ಸಾಹೇಬ್ರ, ಸಾಹೇಬ್ರ’ ಎಂದು ನಡೆಯುವ ಮನುಷ್ಯರಾಗುತ್ತೀರಿ. ಹೆಂಡತಿ ಮಕ್ಕಳು ಬಿಸಿಲಿನಲ್ಲಿ ನಿಂತು ನೋಡುತ್ತಿರುತ್ತಾರೆ. ಕಟ್ಟಿದ ದಂಡ ಎಷ್ಟೆಂದು ಮರೆತ ಜನ ಕೀ ಕಿತ್ತುಕೊಂಡದ್ದನ್ನು ಹತ್ತು ವರ್ಷ ಆದರೂ ಮರೆತಿರುವುದಿಲ್ಲ. ನನ್ನ ಆಫೀಸಿಗೆ ಬರುವವರು ಇದನ್ನೇ ಮೊದಲು ಹೇಳುತ್ತಾರೆ.

ಬೈಕಿನ ಕೀ ಕಿತ್ತುಕೊಳ್ಳುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆಯ ಯಾವ ಕಲಂ ಕೂಡ ಕೊಟ್ಟಿಲ್ಲ. ಗಾಡಿಯನ್ನೇ ವಶಕ್ಕೆ ಪಡೆಯುವುದಕ್ಕೆ ಕಲಂ 207 ಇದೆ. ನೋಂದಣಿ ಇಲ್ಲದ್ದು, ಲೈಸೆನ್ಸ್ ಇಲ್ಲದವರು ಅಥವಾ ವಯಸ್ಸಾಗದವರು ಓಡಿಸುತ್ತಿರುವುದು, ಪರ್ಮಿಟ್ ಇಲ್ಲದ ಬಾಡಿಗೆ ಗಾಡಿ, ಇಂಥದ್ದಕ್ಕೆ ಅದು. ಹೆಲ್ಮೆಟ್ ಇಲ್ಲದ್ದಕ್ಕೆ ಗಾಡಿ ಹಿಡಿದಿಡಲು ಬರುವುದಿಲ್ಲ. ಕೀ ಆಗಲೇ ಅವರ ಕೈ ಸೇರಿದ್ದರೆ ಜಗ್ಗಾಡಬೇಡಿ. ಸರ್ಕಾರಿ ನೌಕರನ ಮೇಲೆ ಬಲ ಪ್ರಯೋಗ ಎಂದು ಭಾರತೀಯ ನ್ಯಾಯ ಸಂಹಿತೆಯ ಕಲಂ 132 ಬೀಳುತ್ತದೆ, 2 ವರ್ಷದವರೆಗೆ ಜೈಲು. ಮಾತಿನಲ್ಲೇ ಕೇಳಿ: ‘ಗಾಡಿ ಸೀಜ್ ಮಾಡಾಕತ್ತೀರೇನ್ರಿ? ಮಾಡೂದಿದ್ರ ಪಾವತಿ ಕೊಡ್ರಿ, ಇಲ್ಲಾಂದ್ರ ಕೀ ಕೊಡ್ರಿ.’ (ಪಾವತಿ ಅಂದರೆ ನಮ್ಮ ಕಡೆ ರಶೀದಿ.) ದನಿ ಏರಿಸದೆ ಕೇಳಿದ ಈ ಪ್ರಶ್ನೆಗೆ ಕೀ ವಾಪಸು ಬಂದದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ದಂಡ, ಪಾವತಿ

ತಪ್ಪು ಮಾಡಿದ್ದರೆ ದಂಡ ಇದ್ದೇ ಇದೆ. ಹೆಲ್ಮೆಟ್ ಇಲ್ಲದ್ದಕ್ಕೆ ಕೇಂದ್ರದ ಕಾಯ್ದೆ 1,000 ರೂಪಾಯಿ ಅನ್ನುತ್ತದೆ. 2019ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಅದನ್ನು 500ಕ್ಕೆ ಇಳಿಸಿತು. ಯಂತ್ರದಿಂದ ಬಂದ ಚೀಟಿಯನ್ನು ನಿಂತಲ್ಲೇ ಓದಿ: ಗಾಡಿ ನಂಬರ್, ದಿನ, ಸಮಯ, ಜಾಗ, ತಪ್ಪು, ಮೊತ್ತ. ತಪ್ಪು ಒಪ್ಪದಿದ್ದರೆ ಅಲ್ಲೇ ಕಟ್ಟಲೇಬೇಕೆಂದಿಲ್ಲ. ‘ಕೋರ್ಟಿನ್ಯಾಗ ನೋಡ್ಕೋತೀನ್ರಿ’ ಎನ್ನಬಹುದು. ಕೋರ್ಟಿಗೆ ಅಲೆಯುವುದು ಬೇಸರ ಎಂದು ಬಹಳ ಜನ ಕಟ್ಟಿಬಿಡುತ್ತಾರೆ, ಅದೂ ತಪ್ಪಲ್ಲ. (ಹಳೆಯ ದಂಡಗಳಿಗೆ 2023ರಲ್ಲೂ 2025ರಲ್ಲೂ ಸರ್ಕಾರ ಅರ್ಧ ರಿಯಾಯಿತಿ ಕೊಟ್ಟಿತು. ಕೂಡಲೇ ಪೂರ್ತಿ ಕಟ್ಟಿದವರು ಪೆದ್ದರೆನಿಸಿದರು. ಈ ಪದ್ಧತಿ ನನಗೆ ಸೇರುವುದಿಲ್ಲ.)

ಅಪಾಯ ಇರುವುದು ಚೀಟಿಯಲ್ಲಲ್ಲ, ಚೀಟಿ ಇಲ್ಲದ ಮಾತಿನಲ್ಲಿ. ‘ಐದನೂರು ಯಾಕ್ ಕಟ್ತೀ, ಎರಡನೂರು ಕೊಟ್ ಹೋಗು.’ ಕೆಲವೊಮ್ಮೆ ಈ ಮಾತು ಅವರ ಬಾಯಿಂದ ಬರುತ್ತದೆ, ಬಹಳ ಸಲ ನಮ್ಮ ಬಾಯಿಂದಲೇ ಬರುತ್ತದೆ.

ನನ್ನದೇ ಹೇಳುತ್ತೇನೆ. ವಕೀಲಿ ಶುರುಮಾಡಿದ ಹೊಸತು. ಅಪ್ಪನನ್ನು ಹಿಂದೆ ಕೂರಿಸಿಕೊಂಡು ಒಂದು ಮದುವೆಗೆ ಹೊರಟಿದ್ದೆ. ಇನ್ಶೂರನ್ಸ್ ಮುಗಿದು ಒಂಬತ್ತು ದಿನವಾಗಿತ್ತು. ಊರ ಹೊರಗೆ ತಡೆದರು. ಅಕ್ಕಿಕಾಳು ಬೀಳುವ ಹೊತ್ತು ಸಮೀಪಿಸಿತ್ತು, ನಾನು ಮುನ್ನೂರು ರೂಪಾಯಿ ಮಡಚಿ ಕೊಟ್ಟೆ, ಅವರು ಮಡಚಿದ್ದನ್ನು ಬಿಡಿಸದೆ ಇಟ್ಟುಕೊಂಡರು. ಅಪ್ಪ ಎರಡು ಕಿಲೋಮೀಟರು ಮಾತಾಡಲಿಲ್ಲ. ಆಮೇಲೆ ಹಿಂದಿನಿಂದ, ‘ಅವ ಪೊಲೀಸ, ನೀ ವಕೀಲ. ಇಬ್ಬರೂ ಕೂಡಿ ಮುನ್ನೂರಕ್ಕ ಕಾಯ್ದೆ ಮಾರಿದ್ರಿ’ ಅಂದ. ಆ ಮದುವೆಯಲ್ಲಿ ಏನು ಉಂಡೆ ಎಂಬುದು ನೆನಪಿಲ್ಲ.

ಅಪ್ಪನಿಗೆ ಕಾಯ್ದೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. 2018ರ ತಿದ್ದುಪಡಿ ಆದಮೇಲೆ ಭ್ರಷ್ಟಾಚಾರ ತಡೆ ಕಾಯ್ದೆಯ ಕಲಂ 8ರಲ್ಲಿ ಲಂಚ ಕೊಟ್ಟವನೂ ನೇರ ಅಪರಾಧಿ. ಒತ್ತಾಯಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಿದವನಿಗೆ ಮಾತ್ರ ರಕ್ಷಣೆ. ನಮ್ಮಲ್ಲಿ ಅದು ಲೋಕಾಯುಕ್ತ ಪೊಲೀಸ್. 2022ರಲ್ಲಿ ಹೈಕೋರ್ಟು ಎಸಿಬಿಯನ್ನು (ಭ್ರಷ್ಟಾಚಾರ ನಿಗ್ರಹ ದಳವನ್ನು) ರದ್ದುಮಾಡಿದ ಮೇಲೆ ಅಧಿಕಾರ ಅವರಿಗೇ ಮರಳಿದೆ.

ಲೈಸೆನ್ಸ್ ಅಥವಾ ಗಾಡಿ ತೆಗೆದುಕೊಂಡರೆ

ಲೈಸೆನ್ಸ್ ಇಟ್ಟುಕೊಂಡರೆ ಕಲಂ 206ರ ಪ್ರಕಾರ ಸ್ವೀಕೃತಿ ಚೀಟಿ ಕೊಡಲೇಬೇಕು. ಲೈಸೆನ್ಸ್ ವಾಪಸು ಬರುವವರೆಗೆ ಆ ಚೀಟಿಯೇ ನಿಮ್ಮ ಲೈಸೆನ್ಸಿನ ಜಾಗದಲ್ಲಿ. ಗಾಡಿ ಒಯ್ದರೆ ಕಿಲೋಮೀಟರ್ ಮೀಟರಿನ ಫೋಟೊ, ನಾಲ್ಕೂ ಬದಿಯ ಫೋಟೊ, ಡಿಕ್ಕಿಯಲ್ಲಿದ್ದ ಸಾಮಾನಿನ ಪಟ್ಟಿ. ಹೊಲಕ್ಕೆ ಒಯ್ಯುತ್ತಿದ್ದ ಔಷಧದ ಡಬ್ಬಿ, ಪಂಪಿನ ಸ್ಟಾರ್ಟರ್ ಠಾಣೆಯ ಅಂಗಳದಲ್ಲಿ ಕಾಣೆಯಾದರೆ ಆಮೇಲೆ ಯಾರನ್ನು ಕೇಳುತ್ತೀರಿ? ಕಾಗದ ತೋರಿಸಿ ಗಾಡಿ ಬಿಡಿಸಿಕೊಳ್ಳಲು ಅದೇ 207ರಲ್ಲಿ ದಾರಿ ಇದೆ.

ಉಸಿರು ಊದಿಸುವುದು ಬೇರೆಯೇ ಲೆಕ್ಕ. ಕುಡಿದಿದ್ದಾರೆಂದು ಅನುಮಾನಕ್ಕೆ ಕಾರಣವಿದ್ದರೆ ಸಮವಸ್ತ್ರದ ಅಧಿಕಾರಿ ಕಲಂ 203ರ ಅಡಿ ಊದಲು ಹೇಳಬಹುದು. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೀರಿದರೆ ಅಪರಾಧ, ಮೊದಲ ಸಲ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಇದಕ್ಕೆ ಕೋರ್ಟಿಗೇ ಹೋಗಬೇಕು. ಹೊಸ ನಳಿಕೆ ಹಾಕಿಸಿಕೊಂಡು ಊದಿ. ಕುಡಿದ ವಾಸನೆ ಇದ್ದು ಊದುವುದಿಲ್ಲ ಎಂದು ಹಟ ಹಿಡಿದರೆ ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರ ಅವರಿಗಿದೆ.

ಠಾಣೆಗೆ ಕರೆದೊಯ್ದರೆ ‘ಅರೆಸ್ಟ್ ಮಾಡೀರೇನು? ಯಾವ ಕಾರಣಕ್ಕ?’ ಎಂದು ಕೇಳಿ. ಕಾರಣ ತಿಳಿಸುವುದು, ಮನೆಯವರಿಗೆ ಸುದ್ದಿ ಮುಟ್ಟಿಸುವುದು, ವಕೀಲರನ್ನು ಕಾಣಲು ಬಿಡುವುದು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದು, ಇವು ಅವರ ಕರ್ತವ್ಯ. ಸೂರ್ಯ ಮುಳುಗಿದ ಮೇಲೆ ಹೆಣ್ಣುಮಕ್ಕಳನ್ನು ತೀರಾ ವಿಶೇಷ ಸಂದರ್ಭ ಬಿಟ್ಟರೆ ಬಂಧಿಸುವಂತಿಲ್ಲ. ಅಂಥ ಸಂದರ್ಭದಲ್ಲೂ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಬರಬೇಕು.

ಎಂಎಚ್ ನಂಬರಿನ ಗಾಡಿ

ಮಹಾರಾಷ್ಟ್ರ ಗಡಿಯ ಜನರಿಗೆ ಇದೊಂದು ಹೆಚ್ಚಿನ ತಲೆಬೇನೆ. ಕೊಲ್ಲಾಪುರದ ಎಂಎಚ್ 09, ಸಾಂಗ್ಲಿಯ ಎಂಎಚ್ 10 ನಿಪ್ಪಾಣಿ, ಚಿಕ್ಕೋಡಿ, ಅಥಣಿಯಲ್ಲಿ ದಿನಾ ಓಡಾಡುತ್ತವೆ, ಸೊಲ್ಲಾಪುರದ ಎಂಎಚ್ 13 ಇಂಡಿಗೂ ವಿಜಯಪುರಕ್ಕೂ ಬರುತ್ತದೆ. ‘ನಂಬರ್ ನೋಡೇ ಹಿಡೀತಾರ’ ಎಂದು ಸೊಲ್ಲಾಪುರದ ಬೀಗರು ಹೇಳುತ್ತಾರೆ. ಕೊಲ್ಲಾಪುರಕ್ಕೆ ಬೆಳಗಾವಿಯ ಕೆಎ 22 ಒಯ್ದವರು ಅಲ್ಲಿಯ ಪೊಲೀಸರ ಬಗ್ಗೆ ಇದನ್ನೇ ಹೇಳುತ್ತಾರೆ. ಭಾರತದ ಯಾವ ರಾಜ್ಯದ ನೋಂದಣಿಯೂ ದೇಶದ ತುಂಬ ನಡೆಯುತ್ತದೆ. ಕಲಂ 47 ಹೇಳುವುದು ಇಷ್ಟೇ: ಗಾಡಿ 12 ತಿಂಗಳಿಗಿಂತ ಹೆಚ್ಚು ಬೇರೆ ರಾಜ್ಯದಲ್ಲಿ ನಿಂತರೆ ಅಲ್ಲಿಯ ನಂಬರ್ ಪಡೆಯಬೇಕು. ತೆರಿಗೆಯ ತಕರಾರು ಆರ್‌ಟಿಒ ವ್ಯವಹಾರ, ನಾಕಾದಲ್ಲಿ ರೊಕ್ಕ ಎಣಿಸಿ ಮುಗಿಸುವಂಥದ್ದಲ್ಲ. ಬಂದು ಹೋಗುವವರು ಟೋಲ್ ಚೀಟಿಯನ್ನೋ ಫಾಸ್ಟ್ಯಾಗ್ ಸಂದೇಶವನ್ನೋ ಅಳಿಸದೆ ಇಟ್ಟುಕೊಂಡರೆ ಗಾಡಿ ಮೊನ್ನೆ ತಾನೇ ಗಡಿ ದಾಟಿತು ಎಂಬುದಕ್ಕೆ ಅದೇ ಪುರಾವೆ.

ಭಾಷೆಯೂ ಇದರಲ್ಲಿದೆ. ಬೆಳಗಾವಿಯ ಖಡೇಬಜಾರಿನಲ್ಲಿ ಕನ್ನಡ ಬಾರದ ಅಜ್ಜಿಯೊಬ್ಬಳ ಮಗನನ್ನು ತಡೆದ ಪೇದೆ, ಅಜ್ಜಿಯ ಮುಖ ನೋಡಿ ಮರಾಠಿಗೆ ಹೊರಳಿ ‘ಆಜಿ, ಘಾಬರೂ ನಕಾ’ (ಅಜ್ಜಿ, ಅಂಜಬ್ಯಾಡ್ರಿ) ಅಂದದ್ದನ್ನು ಕೇಳಿದ್ದೇನೆ. ದಂಡವೇನೂ ಕಡಿಮೆಯಾಗಲಿಲ್ಲ. ಅಜ್ಜಿ ಮಾತ್ರ ಮಗನಿಗೇ ಬೈದಳು, ಪೊಲೀಸನಿಗಲ್ಲ.

ಅಂಜಿಕೆ ಎಲ್ಲಿಗೆ ಮುಟ್ಟುತ್ತದೆ

ಮೇ ತಿಂಗಳ ಮಧ್ಯಾಹ್ನ ವಿಜಯಪುರದ ಗಾಂಧಿ ಚೌಕದಲ್ಲಿ 40 ಡಿಗ್ರಿ ದಾಟಿದ ಬಿಸಿಲಿಗೆ ನಿಲ್ಲುವ ಪೇದೆಯ ಕೆಲಸ ನನ್ನಿಂದ ಒಂದು ತಾಸೂ ಆಗದು. ಅವನಿಗೆ ಎದುರಾಗುವವರಲ್ಲಿ ಅರ್ಧ ಜನ ‘ನಾ ಯಾರ್ ಗೊತ್ತೇನ’ ಎಂದು ಎಂಎಲ್ಎಗೆ ಫೋನ್ ಹಚ್ಚುವವರು. ಫೋನ್ ಬಂದವನನ್ನು ಬಿಟ್ಟು ಫೋನಿಲ್ಲದವನಿಗೆ ದಂಡ ಹಾಕುವುದನ್ನು ಸಾಲಿನಲ್ಲಿ ನಿಂತ ಉಳಿದವರು ನೋಡುತ್ತಿರುತ್ತಾರೆ. ನಂಬಿಕೆ ಹಾಳಾಗಲಿಕ್ಕೆ ಲಂಚವೇ ಬೇಕೆಂದಿಲ್ಲ, ಇಷ್ಟು ಸಾಕು. ಆದ್ದರಿಂದ ನೀವು ಯಾರಿಗೂ ಫೋನ್ ಹಚ್ಚಬೇಡಿ.

ಇದರ ಬೆಲೆ ತೆರುವುದು ಬೇರೆ ಕಡೆ. ಮುಧೋಳ, ಜಮಖಂಡಿ ರಸ್ತೆಯಲ್ಲಿ ರಾತ್ರಿ ಅಪಘಾತವಾಗಿ ಬಿದ್ದವನನ್ನು ಕಂಡೂ ಗಾಡಿ ನಿಲ್ಲಿಸದೆ ಹೋಗುವವನು ಕಲ್ಲೆದೆಯವನಲ್ಲ. ‘ಯಾಕ್ ಬೇಕು ಪೊಲೀಸರ ಸಹವಾಸ’ ಎನ್ನುವವನು. ಗಾಯಾಳುವಿಗೆ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಲು ಒತ್ತಾಯಿಸುವಂತಿಲ್ಲ ಎಂದು 2019ರಲ್ಲಿ ಕಲಂ 134ಎ, ಆಮೇಲೆ ಅದರ ನಿಯಮಗಳು ಬಂದಿವೆ. ನಾಕಾದಲ್ಲಿ ಕೀ ಕಳೆದುಕೊಂಡವನು ಆ ಕಲಮನ್ನು ನಂಬುವುದಿಲ್ಲ, 112ಕ್ಕೆ ಫೋನ್ ಮಾಡಲು ಹಿಂದೆಮುಂದೆ ನೋಡುತ್ತಾನೆ.

ಕಬ್ಬಿನ ಹಂಗಾಮಿನಲ್ಲಿ ಇದಕ್ಕೆ ತಿರುಗಾಮುರುಗಾ ದೃಶ್ಯ ಕಾಣುತ್ತೇನೆ. ಎರಡು ಟ್ರೇಲರ್ ಹಚ್ಚಿದ ಟ್ರ್ಯಾಕ್ಟರನ್ನು ಬಾಗಲಕೋಟೆ ಕಡೆ ಪೊಲೀಸರು ತಡೆಯುತ್ತಾರೆ, ಡ್ರೈವರ್ ಟೇಪಿನ ಸದ್ದು ಗಡಬಡಿಸಿ ಇಳಿಸುತ್ತಾನೆ, ಪೇದೆ ಹಿಂದಕ್ಕೆ ಹೋಗಿ ಟ್ರೇಲರಿನ ಧೂಳು ಒರೆಸಿ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ ‘ಹೋಗ್ ಇನ್ನ’ ಅನ್ನುತ್ತಾನೆ. ಡ್ರೈವರ್ ನಂಬಲಾರದೆ ಒಂದು ಕ್ಷಣ ನಿಲ್ಲುತ್ತಾನೆ.

ಮನೆಗೆ ಬಂದ ಚಲನ್

ಈಗ ಕ್ಯಾಮೆರಾ ಹಿಡಿದ ದಂಡವೂ ಬರುತ್ತದೆ. ನಿಯಮ 167ಎ ಪ್ರಕಾರ ಇಂಥ ನೋಟಿಸು ತಪ್ಪು ನಡೆದ 15 ದಿನದೊಳಗೆ ಹೊರಡಬೇಕು. ಫೋಟೊ ತೆರೆದು ನೋಡಿ. ನಂಬರ್ ನಿಮ್ಮದು, ಬೈಕ್ ಇನ್ನಾರದೋ ಆಗಿದ್ದರೆ ಅದೇ ಫೋಟೊ ಮತ್ತು ನಿಮ್ಮ ಗಾಡಿಯ ಫೋಟೊ ಹಚ್ಚಿ ಸಂಚಾರ ಠಾಣೆಗೆ ಅರ್ಜಿ ಕೊಡಿ. ವಾಟ್ಸ್‌ಆ್ಯಪ್‌ನಲ್ಲಿ ‘ಚಲನ್’ ಎಂದು ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಇಳಿಸುವ ಫೈಲ್) ಬಂದರೆ ಅದು ಬ್ಯಾಂಕ್ ಖಾತೆ ದೋಚುವ ಕಳ್ಳರ ಕೆಲಸ, ಒತ್ತಬೇಡಿ. ಪರಿವಾಹನ್‌ನ ಇ-ಚಲನ್ ತಾಣವನ್ನು ನೀವೇ ತೆರೆದು ಗಾಡಿ ನಂಬರ್ ಹಾಕಿ ನೋಡಿ.

ದೂರು

ನಾಕಾದಲ್ಲಿ ಅನ್ಯಾಯ ಆಯಿತು ಅನ್ನಿಸಿದರೆ ಅಲ್ಲಿ ಗೆಲ್ಲಲು ಹೋಗಬೇಡಿ. ಎದೆಯ ಮೇಲಿನ ಹೆಸರು, ಪೊಲೀಸ್ ಜೀಪಿನ ನಂಬರ್, ಸಮಯ, ಪಕ್ಕದ ಅಂಗಡಿಯ ಹೆಸರು. ಅಂಗಡಿಗೆ ಸಿಸಿಟಿವಿ ಇದೆಯೇ? ಸಾರ್ವಜನಿಕ ರಸ್ತೆಯಲ್ಲಿ ವಿಡಿಯೊ ಮಾಡಿಕೊಳ್ಳಬಹುದು, ಆದರೆ ಮುಖಕ್ಕೆ ಹಿಡಿದು ಕೆಣಕಿದರೆ ದೂರು ಪಕ್ಕಕ್ಕೆ ಸರಿದು ಅದೇ ಜಗಳವಾಗುತ್ತದೆ.

ಅದೇ ದಿನ ರಾತ್ರಿ ಬರೆಯಿರಿ, ಮರುದಿನಕ್ಕೆ ಸಿಟ್ಟು ಉಳಿದು ವಿವರ ಹೋಗಿರುತ್ತದೆ. ಬೆಳಗಾವಿ ನಗರದ್ದಾದರೆ ಪೊಲೀಸ್ ಕಮಿಷನರ್, ಬೆಳಗಾವಿ ಜಿಲ್ಲೆಯ ಉಳಿದ ಕಡೆ, ಬಾಗಲಕೋಟೆ ಮತ್ತು ವಿಜಯಪುರಕ್ಕೆ ಆಯಾ ಎಸ್‌ಪಿ. ಹೊಡೆತ ಬಡಿತದಂಥ ಗಂಭೀರ ವಿಷಯಕ್ಕೆ ಪೊಲೀಸ್ ದೂರು ಪ್ರಾಧಿಕಾರ ಇದೆ. 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ರಾಜ್ಯದಲ್ಲೂ ಜಿಲ್ಲೆಗಳಲ್ಲೂ ಇಂಥ ಪ್ರಾಧಿಕಾರ ಇರಬೇಕೆಂದದ್ದರಿಂದ ಬಂದದ್ದು. ರೊಕ್ಕದ ಮಾತಿದ್ದರೆ ಲೋಕಾಯುಕ್ತ.

‘ನನಗೆ ಅವಮಾನವಾಯಿತು’ ಎಂದು ಒಂದು ಪುಟ ಬರೆದು ತರುತ್ತಾರೆ, ನಾನು ಅದನ್ನು ಹೊಡೆದುಹಾಕಿ ಹೀಗೆ ಬರೆಸುತ್ತೇನೆ: ‘ಇಂಥ ದಿನ ಇಷ್ಟು ಗಂಟೆಗೆ ಇಂಥ ಜಾಗದಲ್ಲಿ ಇಂಥ ಹೆಸರಿನ ಅಧಿಕಾರಿ ನನ್ನ ಗಾಡಿಯ ಕೀ ತೆಗೆದುಕೊಂಡರು. ಗಾಡಿ ವಶಪಡಿಸಿಕೊಂಡ ಬಗ್ಗೆ ಪಾವತಿ ಕೊಡಲಿಲ್ಲ. 25 ನಿಮಿಷದ ನಂತರ ಕೀ ಹಿಂತಿರುಗಿಸಿದರು. ಈ ಬಗ್ಗೆ ವಿಚಾರಣೆ ಮಾಡಿ ಫಲಿತಾಂಶ ತಿಳಿಸಬೇಕು.’ ಕೆಳಗೆ ಸಹಿ, ಫೋನ್ ನಂಬರ್. ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಟಪಾಲು ವಿಭಾಗದ ಸಿಕ್ಕಾ ಮತ್ತು ತಾರೀಖು ಹಾಕಿಸಿಕೊಂಡು ಗಾಡಿಯ ಕಾಗದಗಳ ಜೊತೆಯಲ್ಲೇ ಇಡಿ.